ಹನಿ ಎಣ್ಣೆಯ ಸೋರಿಕೆ: ಜೀಪಿನ ಡಿಫರೆನ್ಶಿಯಲ್ ಮುಚ್ಚಳವನ್ನು ಸಿಲಿಕಾನ್ ಪೇಸ್ಟಿನಿಂದ ಭದ್ರಪಡಿಸುವ ಕ್ರಮ

ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಜೀಪನ್ನು ಬೆಳಿಗ್ಗೆ ಹೊರಡಿಸಿದ ಮೇಲೆ ನೆಲದ ಕಡೆ ಒಮ್ಮೆ ಕಣ್ಣು ಹಾಯಿಸಿರಿ. ಹಿಂದಿನ ಎರಡು ಚಕ್ರಗಳ ನಡುವೆ ರೂಪಾಯಿಯಗಲದ ಕಪ್ಪು ಕಲೆ ಕಂಡರೆ ಏನು ಮಾಡುತ್ತೀರಿ? ಬಹಳ ಮಂದಿ ಅದರ ಮೇಲೆ ಒಂದು ಹಿಡಿ ಮಣ್ಣು ಹಾಕಿ ಸುಮ್ಮನಾಗುತ್ತಾರೆ. "ಹಳೆಯ ಗಾಡಿ, ಸ್ವಲ್ಪ ಸೋರುವುದು ಸಹಜ" ಎನ್ನುತ್ತಾರೆ. ಆದರೆ ಹನಿಗೂಡಿದರೆ ಹಳ್ಳ ಎಂಬ ಗಾದೆ ಕೂಡಿಸುವುದಕ್ಕೆ ಎಷ್ಟು ನಿಜವೋ ಕಳೆಯುವುದಕ್ಕೂ ಅಷ್ಟೇ ನಿಜ. ಆ ಎಣ್ಣೆಯಿರುವ ಗೂಡಿನಲ್ಲಿ ಹಿಡಿಯುವುದೇ ಒಂದು ಲೀಟರಿಗೆ ಸ್ವಲ್ಪ ಹೆಚ್ಚು. ದಿನಕ್ಕೆ ಒಂದಿಷ್ಟರಂತೆ ಸೋರಿದರೆ ಕೆಲವು ತಿಂಗಳಲ್ಲಿ ಗೂಡು ಬರಿದಾಗುತ್ತದೆ. ಬರಿದಾದ ಗೂಡಿನಲ್ಲಿ ಹಲ್ಲುಗಾಲಿಗಳು ಉಕ್ಕಿಗೆ ಉಕ್ಕು ಉಜ್ಜಿ ಕಾಯುತ್ತವೆ, ಸವೆಯುತ್ತವೆ, ಕೊನೆಗೆ ಹಲ್ಲು ಮುರಿಯುತ್ತವೆ. ಓಡುವ ಗಾಡಿಯ ಹಿಂದಿನ ಚಕ್ರ ರಸ್ತೆಯ ನಡುವೆಯೇ ಕಚ್ಚಿ ನಿಂತರೆ ಗಾಡಿಯಲ್ಲಿದ್ದವರ ಪ್ರಾಣಕ್ಕೂ ಅಪಾಯ.

ಈ ಸೋರಿಕೆಯನ್ನು ನಿಲ್ಲಿಸಲು ಬೇಕಾದ ಸಾಮಾನು ದುಬಾರಿಯದಲ್ಲ. ಕೆಲಸವೂ ಕಷ್ಟದ್ದಲ್ಲ. ಆದರೆ ಎರಡು ಗುಣ ಬೇಕು, ಶುಚಿ ಮತ್ತು ತಾಳ್ಮೆ. ಪೇಸ್ಟು ಎಷ್ಟು ಬಳಿದಿರಿ ಎಂಬುದಕ್ಕಿಂತ, ಬಳಿಯುವ ಮೊದಲು ಲೋಹವನ್ನು ಎಷ್ಟು ಚೊಕ್ಕಟ ಮಾಡಿದಿರಿ ಮತ್ತು ಬಳಿದ ಮೇಲೆ ಎಷ್ಟು ಹೊತ್ತು ಕಾದಿರಿ ಎಂಬುದೇ ಮುಖ್ಯ. ಈ ಲೇಖನದಲ್ಲಿ ಹೇಳುವ ವಿಷಯವೆಲ್ಲ ಇದೇ.

ಎತ್ತಿನ ಗಾಡಿಗೆ ಬೇಡವಾದದ್ದು ಜೀಪಿಗೆ ಏಕೆ ಬೇಕು?

ಎತ್ತಿನ ಗಾಡಿಯ ಎರಡು ಚಕ್ರಗಳೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡುತ್ತದೆ, ಒಳಗಿನದು ಕಡಮೆ ಓಡುತ್ತದೆ. ಒಂದರ ಓಟ ಇನ್ನೊಂದಕ್ಕೆ ಅಡ್ಡಿಯಲ್ಲ. ಕಣದಲ್ಲಿ ಮೇಟಿಯ ಸುತ್ತ ಹಂತಿ ಹೂಡಿದ್ದನ್ನು ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಮೇಟಿಯ ಹತ್ತಿರದ ಎತ್ತು ನಿಧಾನವಾಗಿ ಹೆಜ್ಜೆ ಹಾಕುತ್ತದೆ, ಹೊರಗಿನ ಎತ್ತು ಬಿರಬಿರನೆ ನಡೆಯಬೇಕಾಗುತ್ತದೆ. ಎರಡಕ್ಕೂ ಒಂದೇ ವೇಗ ಎಂದು ಹಟ ಹಿಡಿದರೆ ಹಂತಿ ಸಾಗುವುದಿಲ್ಲ.

ಜೀಪಿನಲ್ಲಿ ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೂ ಹೋಗಬೇಕು. ಆದರೂ ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಇದನ್ನು ಸಾಧಿಸುವ ಸಾಧನವೇ ಡಿಫರೆನ್ಶಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬವನು 1820ರ ದಶಕದ ಕೊನೆಯಲ್ಲಿ, ಉಗಿಯಿಂದ ಓಡುವ ಗಾಡಿಗಾಗಿ ಇಂಥ ಸಾಧನಕ್ಕೆ ಹಕ್ಕುಪತ್ರ ಪಡೆದನು. ಇಂದಿಗೂ ತತ್ತ್ವ ಅದೇ.

ಜೀಪಿನ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂಥ ಕಬ್ಬಿಣದ ಗೂಡು ಕಾಣುತ್ತದೆ. ಮುಂದಿನಿಂದ ಬರುವ ಪ್ರೊಪೆಲರ್ ಶಾಫ್ಟಿನ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಇದೆ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ. ತಿರುಗುವಾಗ ಅದು ಎಣ್ಣೆಯನ್ನು ಮೇಲಕ್ಕೆ ಎರಚಿ ಬೇರಿಂಗುಗಳಿಗೂ ಪಿನಿಯನ್ನಿಗೂ ಉಣಿಸುತ್ತದೆ. ಎಣ್ಣೆಯನ್ನು ಎತ್ತಿ ಕೊಡಲು ಬೇರೆ ಪಂಪು ಇಲ್ಲ. ಆದ್ದರಿಂದ ಮಟ್ಟ ಇಳಿದಂತೆಲ್ಲ ಮೇಲೆ ಇರುವ ಭಾಗಗಳು ಮೊದಲು ಉಪವಾಸ ಬೀಳುತ್ತವೆ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕದಿದ್ದರೆ ಅಚ್ಚು ಕಿರುಗುಟ್ಟಿ ಕೂಗಿ ಹೇಳುತ್ತದೆ. ಡಿಫರೆನ್ಶಿಯಲ್ ಹಾಗೆ ಬೇಗ ಕೂಗುವುದಿಲ್ಲ. ಗೊರಗೊರ ಸದ್ದು ಕೇಳುವ ಹೊತ್ತಿಗೆ ಕೆಡುಕು ಬಹುಮಟ್ಟಿಗೆ ಆಗಿಹೋಗಿರುತ್ತದೆ.

ಯಾವ ಗಾಡಿಗಳಿಗೆ ಈ ಮಾತು ಅನ್ವಯಿಸುತ್ತದೆ?

1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಯೋಜನೆಗಳು ಆರಂಭವಾದಾಗ ಸೊರಬ-ಶಿಕಾರಿಪುರ ಸೀಮೆಯೂ ಮೊದಲ ಪಟ್ಟಿಯಲ್ಲಿತ್ತು. ಆ ಕಾಲದಿಂದ "ಬ್ಲಾಕಿನ ಜೀಪು" ಎಂಬ ಮಾತು ಹಳ್ಳಿಗಳಲ್ಲಿ ರೂಢಿಗೆ ಬಂತು. ಮಹೀಂದ್ರ ಕಂಪನಿಯವರು ವಿಲ್ಲಿಸ್ ಮಾದರಿಯಲ್ಲಿ ತಯಾರಿಸಿದ ಜೀಪುಗಳೂ ಅವುಗಳ ವಂಶದ ಮುಂದಿನ ಗಾಡಿಗಳೂ ಅಡಿಕೆ ತೋಟದ ದಾರಿಯಲ್ಲಿ, ಜೋಳದ ಹೊಲದ ಬದಿಯಲ್ಲಿ ಬಹುಕಾಲ ದುಡಿದಿವೆ. ಈ ಜೀಪುಗಳ ಹಿಂದಿನ ಗೂಡಿಗೆ ತಟ್ಟೆಯಂಥ ಉಕ್ಕಿನ ಮುಚ್ಚಳವಿರುತ್ತದೆ. ಸುತ್ತಲೂ ಸಾಮಾನ್ಯವಾಗಿ ಹತ್ತು ಬೋಲ್ಟುಗಳು. ಮುಚ್ಚಳ ಮತ್ತು ಗೂಡು ಕೂಡುವ ಅಂಚೇ ನಮ್ಮ ಇಂದಿನ ವಿಷಯ.

ಎಲ್ಲ ವಾಹನಗಳೂ ಹೀಗಿರುವುದಿಲ್ಲ. ಕೆಲವು ಗಾಡಿಗಳ ಹಿಂದಿನ ಮುಚ್ಚಳವನ್ನು ಬೆಸುಗೆ ಹಾಕಿರುತ್ತಾರೆ. ಅವುಗಳ ಹಲ್ಲುಗಾಲಿಯ ಗುಂಪನ್ನು ಮುಂಭಾಗದಿಂದ ಬಿಚ್ಚಬೇಕು. ಮಾರುತಿ 800ರಂಥ, ಮುಂದಿನ ಚಕ್ರಗಳಿಂದ ಎಳೆಯುವ ಕಾರುಗಳಲ್ಲಿ ಡಿಫರೆನ್ಶಿಯಲ್ ಗೇರ್ ಪೆಟ್ಟಿಗೆಯೊಳಗೇ ಅಡಗಿದೆ. ಟ್ರಾಕ್ಟರಿನಲ್ಲಿ ಅದು ಹಿಂದಿನ ದೊಡ್ಡ ಪೆಟ್ಟಿಗೆಯ ಭಾಗ. ಈ ಮೂರು ಬಗೆಯವನ್ನು ಮೆಕ್ಯಾನಿಕ್ಕಿಗೆ ಬಿಡುವುದೇ ಲೇಸು. ಹಿಂದೆ ಬಗ್ಗಿ ನೋಡಿ, ಸುತ್ತ ಬೋಲ್ಟುಗಳಿರುವ ಮುಚ್ಚಳ ಕಂಡರೆ ಮಾತ್ರ ಮುಂದೆ ಓದಿರಿ.

ಮೊದಲು ಸೋರುವ ಜಾಗವನ್ನು ಪತ್ತೆಮಾಡಿರಿ

ಗೂಡಿನಿಂದ ಎಣ್ಣೆ ಹೊರಬರಲು ಹಲವು ದಾರಿಗಳಿವೆ. ಗಾಡಿ ಓಡುವಾಗ ಗಾಳಿ ಅದನ್ನು ಎಲ್ಲ ಕಡೆಗೂ ಹರಡಿಬಿಡುತ್ತದೆ. ಆದ್ದರಿಂದ ಒದ್ದೆಯಾದ ಜಾಗವೇ ಸೋರುವ ಜಾಗ ಎಂದು ತಿಳಿಯಬಾರದು. ಹೊರಗಿನ ಕೆಸರು, ಜಿಡ್ಡು ಎಲ್ಲವನ್ನೂ ಚೆನ್ನಾಗಿ ಒರೆಸಿರಿ. ಒಣಗಿದ ಮೇಲೆ ಮೈಗೆ ಹಚ್ಚುವ ಬಿಳಿ ಪೌಡರನ್ನು ತೆಳ್ಳಗೆ ಉದುರಿಸಿರಿ. ನಾಲ್ಕಾರು ಮೈಲಿ ಓಡಿಸಿ ಬಂದು ನೋಡಿದರೆ ಎಣ್ಣೆ ಹೊರಟ ದಾರಿ ಕಪ್ಪು ಗೆರೆಯಾಗಿ ಕಾಣುತ್ತದೆ.

ಗೆರೆ ಮುಚ್ಚಳದ ಅಂಚಿನಿಂದ ಹೊರಟಿದ್ದರೆ ಈ ಲೇಖನದ ಕ್ರಮ ಸಾಕು. ಮುಂಭಾಗದಲ್ಲಿ, ಪ್ರೊಪೆಲರ್ ಶಾಫ್ಟು ಗೂಡಿಗೆ ಸೇರುವಲ್ಲಿ ಕಂಡರೆ ಅಲ್ಲಿನ ರಬ್ಬರ್ ಸೀಲು ಸವೆದಿದೆ ಎಂದು ತಿಳಿಯಿರಿ. ಅದಕ್ಕೆ ಪೇಸ್ಟು ಮದ್ದಲ್ಲ. ಚಕ್ರದ ಒಳಮಗ್ಗುಲಲ್ಲಿ, ಬ್ರೇಕ್ ಡ್ರಮ್ಮಿನ ಬಳಿ ಎಣ್ಣೆ ಕಂಡರೆ ತಡಮಾಡದೆ ಗ್ಯಾರೇಜಿಗೆ ಒಯ್ಯಿರಿ. ಬ್ರೇಕಿನ ಪಟ್ಟಿಗೆ ಎಣ್ಣೆ ತಗುಲಿದರೆ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ.

ಉಸಿರುಗಂಡಿ ತೆರೆದಿದೆಯೇ?

ಗೂಡಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಪುಟ್ಟ ತೂತಿನ ಬಿರಡೆ ಇರುತ್ತದೆ. ಇದು ಗೂಡಿನ ಮೂಗು. ಗಾಡಿ ಓಡಿದಾಗ ಒಳಗಿನ ಗಾಳಿ ಕಾದು ಹಿಗ್ಗುತ್ತದೆ. ಈ ಗಂಡಿಯ ಮೂಲಕ ಹೊರಬರುತ್ತದೆ. ಕೆಸರು ಮೆತ್ತಿ ಗಂಡಿ ಮುಚ್ಚಿಹೋದರೆ ಒಳಗೆ ಒತ್ತಡ ಹೆಚ್ಚಿ, ಗಾಳಿಯು ಎಣ್ಣೆಯನ್ನು ಅಂಚಿನಿಂದಲೂ ಸೀಲಿನಿಂದಲೂ ಹೊರಕ್ಕೆ ತಳ್ಳುತ್ತದೆ. ಹೀಗಿರುವಾಗ ಎಷ್ಟು ಒಳ್ಳೆಯ ಪೇಸ್ಟು ಹಾಕಿದರೂ ಮತ್ತೆ ಸೋರುವುದೇ ಸರಿ.

ಮಳೆಗಾಲದಲ್ಲಿ ಇನ್ನೊಂದು ಕೇಡೂ ಇದೆ. ಕಾದ ಗೂಡು ಹಳ್ಳದ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ. ಸವೆದ ಸೀಲು, ಸಡಿಲ ಅಂಚುಗಳ ಮೂಲಕ ನೀರು ಒಳಸೇರುತ್ತದೆ. ಕುಮುದ್ವತಿ, ವರದಾ, ದಂಡಾವತಿಗಳ ಬಯಲಿನಲ್ಲಿ ತುಂಬಿದ ಹಳ್ಳ ದಾಟಿ ಬಂದ ಗಾಡಿಯ ಡಿಫರೆನ್ಶಿಯಲ್ ಎಣ್ಣೆಯನ್ನು ಮಳೆಗಾಲ ಮುಗಿದ ಕೂಡಲೇ ಪರೀಕ್ಷಿಸುವುದು ಒಳ್ಳೆಯ ಪದ್ಧತಿ.

ಆದ್ದರಿಂದ ಮುಚ್ಚಳ ಬಿಚ್ಚುವ ಮೊದಲೇ ಬ್ರೀದರನ್ನು ತೆಗೆದು ತೊಳೆದು, ಬಾಯಿಂದಲ್ಲದೆ ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ ನೋಡಿರಿ. ಎಷ್ಟೋ ಸಲ ಸೋರಿಕೆ ಇಷ್ಟರಲ್ಲೇ ನಿಂತುಬಿಡುತ್ತದೆ.

ಸಿಲಿಕಾನ್ ಪೇಸ್ಟು ಎಂದರೇನು?

ಹಿಂದೆ ಮುಚ್ಚಳಕ್ಕೂ ಗೂಡಿಗೂ ನಡುವೆ ದಪ್ಪ ಕಾಗದದ ಪ್ಯಾಕಿಂಗ್ ಇಡುತ್ತಿದ್ದರು. ಈಗಲೂ ಅದು ಸಿಗುತ್ತದೆ, ಸರಿಯಾಗಿ ಕೂತರೆ ಚೆನ್ನಾಗಿಯೇ ಬಾಳುತ್ತದೆ. ಆದರೆ ಹಳೆಯ ಗಾಡಿಯ ಮುಚ್ಚಳ ಅಲ್ಲಲ್ಲಿ ಸ್ವಲ್ಪ ಸೊಟ್ಟಗಾಗಿರುತ್ತದೆ. ಕಾಗದ ಆ ತಗ್ಗನ್ನು ತುಂಬಲಾರದು. ಟ್ಯೂಬಿನಲ್ಲಿ ಬರುವ ಸಿಲಿಕಾನ್ ಪೇಸ್ಟು ತಗ್ಗುದಿಣ್ಣೆಗಳನ್ನೆಲ್ಲ ತುಂಬಿ, ಅಲ್ಲೇ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಗಾಡಿ ಅಲುಗಿದರೆ ತಾನೂ ಬಾಗಿ ಕೊಡುತ್ತದೆ. ಇನ್ನೂರು ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಡೆಯುತ್ತದೆ. ಡಿಫರೆನ್ಶಿಯಲ್ ಅಷ್ಟು ಕಾಯುವುದೇ ಇಲ್ಲ.

ಸಿಲಿಕಾನ್ ಎಂಬ ಮೂಲವಸ್ತು ನಮ್ಮ ಹಳ್ಳದ ಮರಳಿನಲ್ಲಿಯೂ ಇದೆ. ಅದರಿಂದ ರಾಸಾಯನಿಕ ಕ್ರಮದಲ್ಲಿ ಈ ರಬ್ಬರನ್ನು ತಯಾರಿಸುತ್ತಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪ್ರಾಧ್ಯಾಪಕನಾಗಿದ್ದ ಫ್ರೆಡರಿಕ್ ಕಿಪಿಂಗ್ ಎಂಬ ವಿಜ್ಞಾನಿ 20ನೆಯ ಶತಮಾನದ ಆರಂಭದಲ್ಲಿ ಈ ಜಾತಿಯ ವಸ್ತುಗಳನ್ನು ಅಭ್ಯಾಸಮಾಡಿದನು. ಕಾರ್ಖಾನೆಗಳಲ್ಲಿ ಅವುಗಳ ತಯಾರಿಕೆ ಬೆಳೆದದ್ದು 1940ರ ದಶಕದಿಂದ ಈಚೆಗೆ.

ಇದರ ಒಂದು ಗುಣವನ್ನು ನೀವು ಚೆನ್ನಾಗಿ ನೆನಪಿಡಬೇಕು. ಹಪ್ಪಳ ಒಣಗುವಂತೆ ಈ ಪೇಸ್ಟು ಒಣಗುವುದಿಲ್ಲ. ಗಾಳಿಯಲ್ಲಿರುವ ತೇವವನ್ನು ಕುಡಿದು ಗಟ್ಟಿಯಾಗುತ್ತದೆ. ಆದ್ದರಿಂದ ಬಿಸಿಲಿಗೆ ಇಡುವುದರಿಂದಲೂ ಬೆಂಕಿಯ ಶಾಖ ತೋರಿಸುವುದರಿಂದಲೂ ಪ್ರಯೋಜನವಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಹಾಲಿನ ಕೆನೆಯಂತೆ ಮೇಲ್ಪೊರೆ ಕಟ್ಟುತ್ತದೆ. ಒಳಗೆ ಮಾತ್ರ ಹಸಿಯಾಗಿಯೇ ಇರುತ್ತದೆ. ತೇವ ಹೊರಗಿನಿಂದ ಒಳಕ್ಕೆ ಇಳಿಯಬೇಕಾದ್ದರಿಂದ ಒಂದು ದಿನಕ್ಕೆ ಸುಮಾರು ಎರಡು ಮೂರು ಮಿಲಿಮೀಟರ್ ಆಳ ಮಾತ್ರ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಭದ್ರ ಎಂಬ ನಂಬಿಕೆ ತಪ್ಪು. ದಪ್ಪ ಹೆಚ್ಚಿದಷ್ಟೂ ಒಳಗೆ ಹಸಿ ಉಳಿಯುತ್ತದೆ.

ಇನ್ನೊಂದು ಗುಣ, ಇದು ಜಿಡ್ಡಿಗೆ ಅಂಟುವುದಿಲ್ಲ. ಹಲಸಿನ ಹಣ್ಣು ಬಿಡಿಸುವ ಮೊದಲು ಮನೆಯ ಹೆಂಗಸರು ಕೈಗೆ ಎಣ್ಣೆ ಏಕೆ ಸವರಿಕೊಳ್ಳುತ್ತಾರೆ? ಮೇಣ ಕೈಗೆ ಅಂಟದಿರಲೆಂದು. ಅಷ್ಟು ಜಿಗುಟಾದ ಹಲಸಿನ ಮೇಣವೂ ಎಣ್ಣೆಯ ತೆಳುಪೊರೆಗೆ ಸೋಲುತ್ತದೆ. ಸಿಲಿಕಾನ್ ಪೇಸ್ಟಿಗೂ ಇದೇ ನ್ಯಾಯ. ಅಂಚಿನಲ್ಲಿ ಬೆರಳಗಲ ಜಾಗದಲ್ಲಿ ಎಣ್ಣೆಯ ಪಸೆ ಉಳಿದರೂ ಅಲ್ಲಿ ಪೇಸ್ಟು ಹಿಡಿಯುವುದಿಲ್ಲ. ಮುಂದೆ ಸೋರುವುದು ಆ ಬೆರಳಗಲದಿಂದಲೇ.

ಬೇಕಾಗುವ ಸಾಮಾನು

ಕೆಲಸ ಹಿಡಿಯುವ ಮೊದಲು ಇವನ್ನೆಲ್ಲ ಕೈಯಳತೆಯಲ್ಲಿ ಇಟ್ಟುಕೊಳ್ಳಿರಿ:

ಬೋಲ್ಟಿಗೆ ಸರಿಹೊಂದುವ ಸ್ಪ್ಯಾನರು, ಎಣ್ಣೆ ಹಿಡಿಯಲು ಅಗಲವಾದ ಹಳೆಯ ಬೋಗುಣಿ, ಮರದ ಅಥವಾ ಹಿತ್ತಾಳೆಯ ಕೆರೆಯುವ ಪಟ್ಟಿ, ಉಪ್ಪುಕಾಗದ, ನೂಲು ಬಿಡದ ಒಣ ಹತ್ತಿಬಟ್ಟೆ, ಅದರಲ್ಲಿ ಒಂದೆರಡು ಬಿಳಿಯವು, ಜಿಡ್ಡು ತೆಗೆಯಲು ಬ್ರೇಕ್ ಕ್ಲೀನರ್ ಇಲ್ಲವೆ ತಿನ್ನರ್, ಗೇರ್ ಎಣ್ಣೆಗೆ ಬಾಳುವುದೆಂದು ಬರೆದಿರುವ ಸಿಲಿಕಾನ್ ಪೇಸ್ಟಿನ ಟ್ಯೂಬು, ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯ ಹೊಸ ಗೇರ್ ಎಣ್ಣೆ, ಎಣ್ಣೆ ತುಂಬಲು ಕೊಳವೆಯಿರುವ ಲಾಳಿಕೆ, ಚಕ್ರಕ್ಕೆ ಒತ್ತಿಡಲು ನಾಲ್ಕು ಮರದ ತುಂಡು.

ಟ್ಯೂಬು ಕೊಳ್ಳುವಾಗ ಅದರ ಮೇಲಿನ ಅವಧಿ ನೋಡಿರಿ. ಅವಧಿ ಮೀರಿದ ಪೇಸ್ಟು ಗಟ್ಟಿಯಾಗದೆ ಹಾಗೆಯೇ ಉಳಿಯಬಹುದು. ಬಾತ್‌ರೂಮು, ಕಿಟಕಿಗಳ ಸಂದಿಗೆ ತುಂಬುವ ಸಿಲಿಕಾನ್ ಈ ಕೆಲಸಕ್ಕೆ ಬಾರದು.

ಜೀವರಕ್ಷಣೆಯ ಮಾತು

ಜೀಪು ನೆಲದಿಂದ ಎತ್ತರವಾಗಿರುವುದರಿಂದ ಈ ಕೆಲಸಕ್ಕೆ ಜಾಕಿ ಹಾಕುವ ಅಗತ್ಯವೇ ಇಲ್ಲ. ನಾಲ್ಕೂ ಚಕ್ರಗಳು ನೆಲದ ಮೇಲಿರುವಂತೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿರಿ. ಮುಂದಿನ ಚಕ್ರಗಳಿಗೆ ಹಿಂದೂ ಮುಂದೂ ಮರದ ತುಂಡು ಒತ್ತಿರಿ.

ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳ ಕೈಬ್ರೇಕನ್ನು ನಂಬಿ ಹಿಂದಿನ ಒಂದು ಚಕ್ರವನ್ನು ಎಂದೂ ಎತ್ತಬೇಡಿರಿ. ಅವುಗಳಲ್ಲಿ ಕೈಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ, ಪ್ರೊಪೆಲರ್ ಶಾಫ್ಟಿನ ಕಡೆ ಹಿಡಿಯುತ್ತದೆ. ಒಂದು ಚಕ್ರ ನೆಲ ಬಿಟ್ಟಿತೆಂದರೆ ಡಿಫರೆನ್ಶಿಯಲ್ ತನ್ನ ಸ್ವಭಾವದಂತೆ ಆ ಚಕ್ರವನ್ನು ಹಿಂದಕ್ಕೂ ನೆಲದ ಮೇಲಿನ ಚಕ್ರವನ್ನು ಮುಂದಕ್ಕೂ ತಿರುಗಲು ಬಿಡುತ್ತದೆ. ಕೈಬ್ರೇಕು ಹಾಕಿದ್ದರೂ ಗಾಡಿ ಉರುಳಿ ಕೆಳಗಿದ್ದವರ ಮೇಲೆ ಬರಬಹುದು. ಬೇರೆ ಕಾರಣಕ್ಕೆ ಎತ್ತಲೇಬೇಕಾದರೆ ಜಾಕಿಯೊಂದನ್ನೇ ನಂಬದೆ ಉಕ್ಕಿನ ಗಟ್ಟಿ ಆನಿಕೆಗಳನ್ನು ಕೊಡಿರಿ. ಇಟ್ಟಿಗೆ, ಹಂಚು, ಕಲ್ಲುಗಳನ್ನು ಆನಿಸಬೇಡಿರಿ. ಅವು ಭಾರಕ್ಕೆ ಥಟ್ಟನೆ ಸೀಳುತ್ತವೆ.

ಕೆಲಸದ ಕ್ರಮ

ಒಂದು: ಗಾಡಿಯನ್ನು ಮೂರು ನಾಲ್ಕು ಮೈಲಿ ಓಡಿಸಿ ತನ್ನಿರಿ. ಎಣ್ಣೆ ಉಗುರುಬೆಚ್ಚಗಾದರೆ ಸುಲಭವಾಗಿ ಇಳಿಯುತ್ತದೆ. ಮುಚ್ಚಳವನ್ನು ಮುಟ್ಟುವ ಮೊದಲು ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿ ನೋಡಿರಿ. ಇದು ಬಹು ಮುಖ್ಯ. ಇರುವ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ತುಂಬುವ ಬಿರಡೆ ತುಕ್ಕು ಹಿಡಿದು ಬಿಚ್ಚದೆ ಹೋದರೆ ಗಾಡಿ ಅಂಗಳದಲ್ಲೇ ಕೂರುತ್ತದೆ.

ಎರಡು: ಮುಚ್ಚಳದ ಸುತ್ತಲಿನ ಕೆಸರು ಕೆರೆದು ಒರೆಸಿರಿ. ಬೋಗುಣಿ ಇಟ್ಟು ಕೆಳಗಿನ ಬೋಲ್ಟುಗಳನ್ನು ಮೊದಲು ಬಿಚ್ಚಿರಿ. ಮೇಲಿನ ಎರಡನ್ನು ಸಡಿಲಿಸಿ ಹಾಗೆಯೇ ಬಿಡಿರಿ. ಮುಚ್ಚಳದ ಕೆಳ ಅಂಚನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಾಯಿ ಬಿಟ್ಟು ಎಣ್ಣೆ ಬೋಗುಣಿಗೆ ಸುರಿಯುತ್ತದೆ. ಮೇಲಿನ ಬೋಲ್ಟುಗಳು ಇಲ್ಲದಿದ್ದರೆ ಮುಚ್ಚಳವೂ ಎಣ್ಣೆಯೂ ಒಟ್ಟಿಗೆ ಮುಖದ ಮೇಲೆ ಬೀಳುತ್ತವೆ. ಸ್ಕ್ರೂಡ್ರೈವರನ್ನು ಸಂದಿಯಲ್ಲಿ ಬಡಿದು ತೂರಿಸಬೇಡಿರಿ. ಗೂಡಿನ ಮುಖದಲ್ಲಿ ಬಿದ್ದ ಗೀರು ಎಣ್ಣೆಗೆ ಕಾಲುವೆಯಾಗುತ್ತದೆ.

ಮೂರು: ಇಳಿದ ಎಣ್ಣೆಯನ್ನು ನೋಡಿರಿ. ವೈದ್ಯರು ರೋಗಿಯ ನಾಡಿ ನೋಡುವಂತೆ ಇದು. ಹಾಲು ಬೆರೆಸಿದ ಚಹದ ಬಣ್ಣವಿದ್ದರೆ ನೀರು ಸೇರಿದೆ. ತಳದಲ್ಲಿ ನುಣುಪಾದ ಬೂದುಬಣ್ಣದ ಪುಡಿ ಸ್ವಲ್ಪ ಇದ್ದರೆ ಅದು ಸಹಜವಾದ ಸವೆತ. ಚೂಪಾದ ಉಕ್ಕಿನ ಚೂರು, ಹಲ್ಲಿನ ತುಣುಕು ಸಿಕ್ಕರೆ ಮುಚ್ಚಳ ಮುಚ್ಚಿ ಸುಮ್ಮನಾಗಬೇಡಿರಿ. ಆ ಚೂರನ್ನು ಕಾಗದದಲ್ಲಿ ಕಟ್ಟಿ ಮೆಕ್ಯಾನಿಕ್ಕಿಗೆ ತೋರಿಸಿರಿ. ಕ್ರೌನ್, ಪಿನಿಯನ್‌ಗಳ ಹಲ್ಲುಗಳನ್ನೂ ಬೆಳಕು ಹಿಡಿದು ನೋಡಿರಿ. ಮುಚ್ಚಳ ತೆಗೆದಾಗಲೇ ಈ ಅವಕಾಶ.

ನಾಲ್ಕು: ಗೂಡಿನ ಒಳಗೆ ಒಂದು ಚೊಕ್ಕಟ ಬಟ್ಟೆಯನ್ನು ತುರುಕಿ, ಕೆರೆದ ಚೂರು ಒಳಗೆ ಬೀಳದಂತೆ ಮಾಡಿರಿ. ಅಂಚಿಗೆ ಅಂಟಿದ ಹಳೆಯ ಕಾಗದ, ಹಳೆಯ ಪೇಸ್ಟು ಪೂರ್ತಿ ಹೋಗುವವರೆಗೆ ಮರದ ಅಥವಾ ಹಿತ್ತಾಳೆಯ ಪಟ್ಟಿಯಿಂದ ಕೆರೆಯಿರಿ. ಹಳೆಯ ಸಿಲಿಕಾನಿನ ಮೇಲೆ ಹೊಸದು ಅಂಟುವುದಿಲ್ಲ. ಉಪ್ಪುಕಾಗದವನ್ನು ಮುಚ್ಚಳಕ್ಕೆ ಮಾತ್ರ ಬಳಸಿರಿ. ಅದರ ಪುಡಿ ಗೂಡಿನೊಳಗೆ ಸೇರಿದರೆ ಬೇರಿಂಗುಗಳನ್ನು ತಿನ್ನುತ್ತದೆ.

ಐದು: ಮುಚ್ಚಳ ಸಮವಾಗಿದೆಯೇ ನೋಡಿರಿ. ಕಡಪ ಕಲ್ಲಿನ ಮೇಲೆ ಅಥವಾ ದಪ್ಪ ಗಾಜಿನ ಮೇಲೆ ಬೋರಲಾಗಿಟ್ಟು ಬೆರಳಿನಿಂದ ಒತ್ತಿದರೆ ಕುಲುಕಾಡಬಾರದು. ಹಿಂದೆ ಬೋಲ್ಟುಗಳನ್ನು ಅತಿಯಾಗಿ ಬಿಗಿದಿದ್ದರೆ ತೂತಿನ ಸುತ್ತಲೂ ತಗಡು ಉಬ್ಬಿರುತ್ತದೆ. ಅದನ್ನು ಗಟ್ಟಿ ಮರದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮಮಾಡಿರಿ. ತುಕ್ಕು ತಿಂದು ಸಣ್ಣ ತೂತುಗಳು ಬಿದ್ದಿದ್ದರೆ ಹೊಸ ಮುಚ್ಚಳ ತರುವುದೇ ಸರಿ.

ಆರು: ಈಗ ಜಿಡ್ಡು ತೆಗೆಯುವ ಕೆಲಸ. ಸೀಮೆಎಣ್ಣೆ, ಡೀಸೆಲ್‌ಗಳಿಂದ ತೊಳೆದು ನಿಲ್ಲಿಸಬಾರದು. ಅವು ಕೊಳೆ ತೆಗೆದರೂ ತಮ್ಮದೇ ಜಿಡ್ಡು ಬಿಡುತ್ತವೆ. ಕೊನೆಯಲ್ಲಿ ಬ್ರೇಕ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಗೂಡಿನ ಅಂಚು, ಮುಚ್ಚಳದ ಅಂಚು, ಬೋಲ್ಟಿನ ತೂತುಗಳು, ಬೋಲ್ಟುಗಳು ಎಲ್ಲವನ್ನೂ ಒರೆಸಿರಿ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ಅಲ್ಲಿಯವರೆಗೂ ಬಿಡಬೇಡಿರಿ. ಬೀಡಿ, ದೀಪ, ಒಲೆಗಳು ದೂರವಿರಲಿ. ಪೆಟ್ರೋಲಿನಿಂದ ಒರೆಸುವ ಚಾಳಿ ಬೇಡ. ಅದರ ಆವಿ ದೂರದ ಕಿಡಿಗೂ ಹೊತ್ತಿಕೊಳ್ಳುತ್ತದೆ.

ಏಳು: ಅರ್ಧ ಗಂಟೆ ಸುಮ್ಮನೆ ಕೂರಿರಿ. ಮೇಲಿನ ಹಲ್ಲುಗಾಲಿಗಳಿಂದ ಎಣ್ಣೆ ಇನ್ನೂ ಜಿನುಗಿ ಗೂಡಿನ ಕೆಳ ಅಂಚಿಗೆ ಬರುತ್ತಿರುತ್ತದೆ. ಎಲ್ಲ ಸರಿಮಾಡಿಯೂ ಸೋರಿತು ಎನ್ನುವವರು ಬಹುಮಟ್ಟಿಗೆ ಇಲ್ಲಿಯೇ ಅವಸರಪಟ್ಟಿರುತ್ತಾರೆ. ಒಳಗಿನ ಬಟ್ಟೆಯನ್ನು ತೆಗೆದು, ಪೇಸ್ಟು ಹಚ್ಚುವ ಗಳಿಗೆಯಲ್ಲಿ ಕೆಳ ಅಂಚನ್ನು ಮತ್ತೊಮ್ಮೆ ಒರೆಸಿರಿ.

ಎಂಟು: ಟ್ಯೂಬಿನ ಮೂತಿಯನ್ನು ಮೂರು ಮಿಲಿಮೀಟರ್ ದಪ್ಪದ ಎಳೆ ಬರುವಂತೆ ಕತ್ತರಿಸಿರಿ. ಮುಚ್ಚಳದ ಅಂಚಿನ ಮೇಲೆ, ಬೋಲ್ಟಿನ ತೂತುಗಳ ಒಳಮಗ್ಗುಲಲ್ಲಿ, ಹಬ್ಬದ ದಿನ ರಂಗೋಲಿಯ ಎಳೆ ಎಳೆಯುವಂತೆ ಒಂದೇ ಸಮನಾಗಿ ಎಳೆಯಿರಿ. ಎಲ್ಲಿಯೂ ತುಂಡಾಗಬಾರದು. ಪ್ರತಿ ತೂತಿನ ಸುತ್ತಲೂ ಎಳೆಯನ್ನು ಬಳಸಿ ತನ್ನಿರಿ, ಏಕೆಂದರೆ ಕೆಲವು ತೂತುಗಳು ಗೂಡಿನೊಳಕ್ಕೆ ತೆರೆದಿರಬಹುದು. ಕೊನೆಗೆ ಎಳೆಯ ತುದಿ ಮೊದಲಿಗೆ ಸೇರಲಿ. ಹೆಚ್ಚು ಹಾಕಿದರೆ ಉಳಿದ ಪೇಸ್ಟು ಒಳಕ್ಕೆ ಉಬ್ಬಿ, ಮುಂದೆ ಕಿತ್ತು ಬಿದ್ದು ಎಣ್ಣೆಯಲ್ಲಿ ಅಲೆಯುತ್ತದೆ. ಕಾಗದದ ಪ್ಯಾಕಿಂಗನ್ನೂ ಇದರ ಜೊತೆ ಇಡಬೇಡಿರಿ. ಎರಡರಲ್ಲಿ ಒಂದೇ ಸಾಕು.

ಒಂಬತ್ತು: ಎಷ್ಟು ಹೊತ್ತಿನಲ್ಲಿ ಮುಚ್ಚಳ ಕೂರಿಸಬೇಕೆಂಬುದು ಪೇಸ್ಟಿನ ಜಾತಿಯನ್ನು ಅವಲಂಬಿಸಿದೆ. ಕೆಲವನ್ನು ಕೂಡಲೇ ಕೂರಿಸಬೇಕು. ಕೆಲವನ್ನು ಮೊದಲು ಕೈಯಿಂದ ಬಿಗಿದು, ಒಂದು ಗಂಟೆಯ ಮೇಲೆ ಪೂರ್ತಿ ಬಿಗಿಯಬೇಕು. ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿ, ಅದರಂತೆಯೇ ಮಾಡಿರಿ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿರಿ. ಮುಚ್ಚಳವನ್ನು ನೇರವಾಗಿ ತಂದು ಒತ್ತಬೇಕು. ಅತ್ತಿತ್ತ ಜಾರಿಸಿದರೆ ಎಳೆ ಕಲಸಿಹೋಗುತ್ತದೆ. ಜಾರದಂತೆ ಎರಡು ಬೋಲ್ಟುಗಳನ್ನು ಮೊದಲೇ ತೂರಿಸಿ ಹಿಡಿದರೆ ಅನುಕೂಲ.

ಹತ್ತು: ಬೋಲ್ಟುಗಳನ್ನು ಸಾಲಾಗಿ ಸುತ್ತಿಕೊಂಡು ಬಿಗಿಯದೆ, ಚಕ್ರದ ನಟ್ಟುಗಳಂತೆ ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಬಲಕ್ಕೆ ಮಿತಿಯಿರಲಿ. ಗಾಡಿಯ ಪುಸ್ತಕದಲ್ಲಿ ಬಿಗಿತದ ಅಂಕಿ ಇರುತ್ತದೆ. ಅಳತೆಯ ಸ್ಪ್ಯಾನರ್ ಇದ್ದರೆ ಅದರಂತೆ ನಡೆಯಿರಿ. ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರಿನಿಂದ ಒಂದೇ ಕೈಯಲ್ಲಿ ಬಿಗಿಯಿರಿ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ತೂಗಿದರೆ ಮರೆ ಕಿತ್ತು ಬರುತ್ತದೆ, ತಗಡು ಸೊಟ್ಟಗಾಗುತ್ತದೆ.

ಹನ್ನೊಂದು: ಇನ್ನು ಕಾಯುವ ಕೆಲಸ. ಸಂಜೆ ಮುಚ್ಚಿದ್ದನ್ನು ಮರುದಿನ ಸಂಜೆಯವರೆಗೆ ಮುಟ್ಟಬೇಡಿರಿ. ಕೆಲವು ಟ್ಯೂಬಿನ ಮೇಲೆ ಕಡಮೆ ಹೊತ್ತು ಬರೆದಿರಬಹುದು. ಆದರೂ 24 ಗಂಟೆ ಬಿಟ್ಟರೆ ನಷ್ಟವಿಲ್ಲ. ಛಳಿಗಾಲದಲ್ಲಿ, ಒಣ ಬೇಸಿಗೆಯಲ್ಲಿ ಗಟ್ಟಿಯಾಗುವುದು ನಿಧಾನ. ಅಡಿಕೆ ಕೊಯ್ಲಿನ, ಜೋಳದ ಸಾಗಾಣಿಕೆಯ ಗಡಿಬಿಡಿಯಲ್ಲಿ ಈ ಕೆಲಸ ಹಿಡಿಯಬೇಡಿರಿ. ಗಾಡಿಗೆ ಒಂದು ದಿನ ಬಿಡುವು ಸಿಗುವಾಗ ಮಾಡಿರಿ.

ಹನ್ನೆರಡು: ಗಾಡಿ ಸಮತಟ್ಟಾಗಿ ನಿಂತಿರುವಾಗಲೇ ಹೊಸ ಎಣ್ಣೆ ತುಂಬಿರಿ. ತುಂಬುವ ತೂತಿನ ಕೆಳ ಅಂಚಿನವರೆಗೆ ಬಂದು ತುಳುಕತೊಡಗಿದರೆ ಸಾಕು. ಬಿರಡೆ ಬಿಗಿದು, ನಾಲ್ಕಾರು ಮೈಲಿ ಓಡಿಸಿ, ಅಂಚನ್ನು ಒಣಬೆರಳಿನಿಂದ ಸುತ್ತ ಸವರಿ ನೋಡಿರಿ. ವಾರದ ಮೇಲೆ ಮತ್ತೊಮ್ಮೆ ನೋಡಿರಿ.

ಎಣ್ಣೆಯ ಆಯ್ಕೆ

ಈ ಗೂಡಿನ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುತ್ತವೆ. ಆದ್ದರಿಂದ ಎಂಜಿನ್ ಎಣ್ಣೆ ಇಲ್ಲಿಗೆ ಸಲ್ಲದು. ಸಾಮಾನ್ಯವಾಗಿ 90 ಅಥವಾ 80ಡಬ್ಲ್ಯು-90 ದಪ್ಪದ, ಜಿ.ಎಲ್.-5 ದರ್ಜೆಯ ಎಣ್ಣೆಯನ್ನು ಹೇಳುತ್ತಾರೆ. ನಿಮ್ಮ ಗಾಡಿಯ ಪುಸ್ತಕ ಹೇಳುವುದೇ ಅಂತಿಮ. ಉಳಿದ ಎಣ್ಣೆಯನ್ನು ಹಳೆಯ ಗಾಡಿಯ ಗೇರ್ ಪೆಟ್ಟಿಗೆಗೆ ಸುರಿಯಬೇಡಿರಿ. ಅಲ್ಲಿನ ಹಿತ್ತಾಳೆಯ ಬಳೆಗಳಿಗೆ ಈ ಎಣ್ಣೆಯಲ್ಲಿರುವ ಗಂಧಕದ ಅಂಶ ಒಗ್ಗದೆ ಹೋಗಬಹುದು.

ಕೇಳಬಹುದಾದ ಪ್ರಶ್ನೆಗಳು

ಸೋರುವ ಅಂಚಿಗೆ ಹೊರಗಿನಿಂದಲೇ ಪೇಸ್ಟು ಮೆತ್ತಿದರೆ ಆಗದೇ?
ಆಗದು. ಒಳಗಿನಿಂದ ಬರುವ ಎಣ್ಣೆ ಪೇಸ್ಟಿನ ಬುಡವನ್ನು ಸದಾ ಒದ್ದೆ ಮಾಡುತ್ತಿರುತ್ತದೆ. ಕೆಲವು ದಿನ ಮುಚ್ಚಿಟ್ಟಂತೆ ಕಂಡು ಸಿಪ್ಪೆಯಂತೆ ಬಿದ್ದುಹೋಗುತ್ತದೆ.

ಪೇಸ್ಟು ಹಚ್ಚುವಾಗ ಹುಳಿ ವಾಸನೆ ಬಂದರೆ ಕೆಟ್ಟಿದೆಯೇ?
ಇಲ್ಲ. ಕೆಲವು ಜಾತಿಯ ಪೇಸ್ಟು ಗಟ್ಟಿಯಾಗುವಾಗ ವಿನಿಗರಿನ ಹುಳಿಯನ್ನು ಬಿಡುತ್ತದೆ. ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿರಿ. ಕಣ್ಣಿಗೆ ತಾಗಿಸಿಕೊಳ್ಳಬೇಡಿರಿ. ಕೈಗೆ ಅಂಟಿದ್ದನ್ನು ಒಣಬಟ್ಟೆಯಿಂದ ಒರೆಸಿ ಸಾಬೂನು ಹಾಕಿ ತೊಳೆಯಿರಿ.

ಸೋರಿಕೆ ನಿಲ್ಲಿಸದೆ ಆಗಾಗ ಎಣ್ಣೆ ತುಂಬುತ್ತಾ ಹೋದರೆ?
ದಾರಿಯಲ್ಲಿ ಅಡಚಣೆಯಾದಾಗ ಒಂದೆರಡು ದಿನ ಹಾಗೆ ಮಾಡಬಹುದು. ಆದರೆ ಎಣ್ಣೆ ಹೊರಬರುವ ದಾರಿ ನೀರು ಒಳಹೋಗುವ ದಾರಿಯೂ ಹೌದು. ಮಳೆಗಾಲದಲ್ಲಿ ಅದೇ ಹೆಚ್ಚಿನ ಕೇಡು.

ಇಳಿಸಿದ ಎಣ್ಣೆಯನ್ನು ಏನು ಮಾಡಬೇಕು?

ಉಡುತಡಿ, ಬಳ್ಳಿಗಾವೆ, ಶಿರಾಳಕೊಪ್ಪಗಳ ಸುತ್ತಿನ ಸೀಮೆ ಕೆರೆಗಳ ಸೀಮೆ. ಇಲ್ಲಿ ಚರಂಡಿಗೆ ಚೆಲ್ಲಿದ್ದು ಮೊದಲ ಮಳೆಗೆ ಕೆರೆಗೆ ಸೇರುತ್ತದೆ. ಎಣ್ಣೆ ನೀರಿನ ಮೇಲೆ ಪೊರೆಯಾಗಿ ಹರಡಿ, ಗಾಳಿ ನೀರಿಗೆ ಇಳಿಯದಂತೆ ತಡೆಯುತ್ತದೆ. ದನ ಕುಡಿಯುವ ನೀರೂ ಮೀನಿರುವ ನೀರೂ ಅದೇ. ಹಾಗೆಯೇ ದನಗಳ ಗಾಯಕ್ಕೆ, ಮೈಯ ಉಣ್ಣೆಗೆ ಗಾಡಿಯ ಹಳೆಯ ಎಣ್ಣೆ ಹಚ್ಚುವ ರೂಢಿ ಎಲ್ಲಿದ್ದರೂ ಬಿಡಬೇಕು. ಅದು ಚರ್ಮಕ್ಕೆ ವಿಷ. ಒಲೆಗೆ ಹಾಕಿ ಉರಿಸುವುದೂ ಬೇಡ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಗೆ ಸಿಗದಂತಿಟ್ಟು, ಪೇಟೆಗೆ ಹೋದಾಗ ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿರಿ. ಅದನ್ನು ಶುದ್ಧಿಮಾಡಿ ಮತ್ತೆ ಬಳಸುವ ಕಾರ್ಖಾನೆಗಳಿವೆ. ಜಿಡ್ಡಿನ ಬಟ್ಟೆಗಳನ್ನು ಹುಲ್ಲಿನ ಬಣವೆಯ ಬಳಿ ಎಸೆಯಬೇಡಿರಿ.

ಮನೆಯಲ್ಲಿ ಒಂದು ಪುಸ್ತಕ

ಗಾಡಿಗೊಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿರಿ. ಮುಚ್ಚಳ ಬಿಚ್ಚಿದ ದಿನ, ಹಾಕಿದ ಎಣ್ಣೆಯ ದರ್ಜೆ, ಎಷ್ಟು ಹಿಡಿಯಿತು, ಆಗ ಗಾಡಿ ಓಡಿದ ಕಿಲೋಮೀಟರು ಇಷ್ಟನ್ನು ಬರೆಯಿರಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ತುಂಬುವ ಬಿರಡೆ ತೆಗೆದು ಕಿರುಬೆರಳಿನಿಂದ ಮಟ್ಟ ನೋಡಿರಿ. ಬೆರಳಿನ ತುದಿಗೆ ಎಣ್ಣೆ ಹತ್ತಿದರೆ ಸರಿ. ಹತ್ತದಿದ್ದರೆ ಎಲ್ಲಿಂದ ಹೋಗುತ್ತಿದೆ ಎಂದು ಅಂದೇ ಹುಡುಕಿರಿ.

ಸಾಲ ಮಾಡಿ ಕೊಂಡ ಗಾಡಿ ಮನೆಯ ದುಡಿಯುವ ಆಳಿನಂತೆ. ಹೆರಿಗೆ ನೋವು ಬಂದವಳನ್ನು ನಡುರಾತ್ರಿ ಶಿಕಾರಿಪುರದ ಆಸ್ಪತ್ರೆಗೆ ಒಯ್ಯಬೇಕಾದದ್ದೂ ಅದೇ, ಫಸಲನ್ನು ಪೇಟೆಗೆ ಸಾಗಿಸಬೇಕಾದದ್ದೂ ಅದೇ. ಒಂದು ಟ್ಯೂಬು ಪೇಸ್ಟು, ಒಂದೆರಡು ಬಿಳಿಬಟ್ಟೆ, ಒಂದು ದಿನದ ಬಿಡುವು, ಇಷ್ಟರಿಂದ ಅದರ ಬೆನ್ನು ಗಟ್ಟಿಯಾಗಿ ಉಳಿಯುತ್ತದೆ. ಒಬ್ಬರೇ ಗಾಡಿಯ ಕೆಳಗೆ ಹೋಗಬೇಡಿರಿ. ಅಕ್ಕಪಕ್ಕದ ಮನೆಯ ಒಬ್ಬ ಹುಡುಗನನ್ನಾದರೂ ಜೊತೆಗೆ ಕರೆದುಕೊಂಡು, ಪ್ರತಿ ಹೆಜ್ಜೆಯನ್ನೂ ಅವನಿಗೆ ತೋರಿಸುತ್ತ ಮಾಡಿರಿ. ಮುಂದಿನ ಸಲ ಊರಿನಲ್ಲಿ ಈ ಕೆಲಸ ಬಲ್ಲವರು ಇಬ್ಬರಿರುತ್ತಾರೆ.